ನನ್ನ ರಾಜನಿಗೆ ಅಪ್ಪ ಅರ್ಥ ಹೇಳಿದ್ದು

ಫ್ಯಾನ್ ಫಿಕ್ಷನ್ ಎಂದರೇನು ಎಂದು ನಾನು ವಿವರಿಸಿದ ದಿನ ಅಪ್ಪ ನಕ್ಕುಬಿಟ್ಟಿದ್ದರು. ಬೇರೆಯವರು ಬರೆದ ಕಾದಂಬರಿಯ ಪಾತ್ರಗಳನ್ನು ಮೆಚ್ಚಿಕೊಂಡು, ಅವುಗಳನ್ನೇ ಇಟ್ಟುಕೊಂಡು ನಮ್ಮ ಖುಷಿಗೆ ಹೊಸ ಕತೆ ಬರೆಯುವುದು. ಇಂಟರ್ನೆಟ್ಟಿನಲ್ಲಿ ಹಾಕಿದರೆ ಓದಿದವರು ಕೆಳಗೆ ನಾಲ್ಕು ಮಾತು ಬರೆಯುತ್ತಾರೆ, ಅದೇ ಸಂಪಾದನೆ ಎಂದಿದ್ದೆ. ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಪ್ರಪಂಚದ ಯಾವ ವಿಷಯವನ್ನಾದರೂ ಹೋಟೆಲಿನ ಮೇಜಿನ ಮೇಲೆ ತಂದಿಟ್ಟೇ ನೋಡುತ್ತಿದ್ದರು.

"ಬೇರೆಯವರ ಹೋಟೆಲಿನಲ್ಲಿ ಕೂತು ನಮ್ಮ ಡಬ್ಬಿ ಬಿಚ್ಚಿ ತಿಂದ ಹಾಗೆ ಆಯ್ತಲ್ಲ ಮಾರಾಯ್ತಿ" ಎಂದರು. "ಬರೆಯುವುದಾದರೆ ಸ್ವಂತದ್ದು ಬರಿ."

ಆಗ ನಾನು ಕಾಲೇಜಿನಲ್ಲಿದ್ದೆ. ಕಾಂದಿವಲಿಯ ಮನೆಯಿಂದ ಹೋಗಿಬರುವ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲ ಪಕ್ಕ ಒರಗಿ ನಿಂತು, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಬರೆಯುತ್ತಿದ್ದೆ. ನನಗೆ ಹುಚ್ಚು ಹಿಡಿಸಿದ್ದು ಹಿಮದ ನಾಡಿನ ಒಂದು ಇಂಗ್ಲಿಷ್ ಕಾದಂಬರಿ. ಅದರಲ್ಲಿ ಯುದ್ಧ ಮಾಡುವವರ ಬಗ್ಗೆ ಪುಟಗಟ್ಟಲೆ ಇತ್ತು, ಅವರಿಗೆಲ್ಲ ಬೇಯಿಸಿ ಹಾಕುವ ಅಡುಗೆಯವಳಿಗೆ ಒಂದೇ ಒಂದು ಸಾಲು. ನನಗೆ ಸಿಟ್ಟು ಬಂತು. ಆ ಅಡುಗೆಯವಳ ಕತೆ ಶುರುಮಾಡಿದೆ. ಭಾಷೆ ಇಂಗ್ಲಿಷ್, ಒಗ್ಗರಣೆ ಮಾತ್ರ ನಮ್ಮದು. ಹಿಮದ ಕೋಟೆಯಲ್ಲಿ ಅವಳು ಪುನರ್ಪುಳಿ ಸಾರು ಕುದಿಸಿದಾಗ, ಎಲ್ಲಿಯವರೋ ಗೊತ್ತಿಲ್ಲದ ಓದುಗರು ಅದು ಯಾವ ಹಣ್ಣು ಎಂದು ಕೇಳಿ ಬರೆದರು. ಒಬ್ಬರು ತಮ್ಮ ಅಜ್ಜಿಯ ನೆನಪಾಯಿತು ಎಂದರು. ಅಂಥ ಮಾತು ಓದಿದ ದಿನ ಎಷ್ಟೇ ಗರ್ದಿ ಇದ್ದರೂ ನನಗೆ ತಳ್ಳಾಟ ತಿಳಿಯುತ್ತಿರಲಿಲ್ಲ.

ಆದರೆ ಅಪ್ಪನ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಲೇ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಅಡುಗೆಯವಳನ್ನು ಅರ್ಧಕ್ಕೇ ಬಿಟ್ಟು ಸ್ವಂತದ ಲೋಕ ಕಟ್ಟಲು ಕುಳಿತೆ. ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದೆ. ನದಿಗಳು, ಗಾಳಿಗಳು, ಆಕಾಶಕ್ಕೆ ಎರಡು ಚಂದ್ರ. ಎರಡು ಚಂದ್ರ ಇದ್ದರೆ ಏಕಾದಶಿಯ ಲೆಕ್ಕ ಹೇಗೆ ಎಂದು ತಲೆಕೆಡಿಸಿಕೊಂಡು ಪಂಚಾಂಗವನ್ನೂ ಮಾಡಿದೆ. ಒಬ್ಬ ರಾಜನನ್ನು ಕೂರಿಸಿದೆ, ಅವನಿಗೊಬ್ಬಳು ಮಗಳು. ಅವಳು ಶತ್ರುದೇಶದ ಹಾಡು ಹಾಡುತ್ತಾಳೆಂದು ರಾಜ ಅವಳನ್ನು ಗಡಿಪಾರು ಮಾಡುತ್ತಾನೆ. ಅಲ್ಲಿಗೆ ಕತೆ ನಿಂತುಹೋಯಿತು. ಮಗಳು ಹೋದಳು, ರಾಜ ಕಲ್ಲಿನ ಹಾಗೆ ಕುಳಿತ. ಆ ಅಧ್ಯಾಯವನ್ನು ಎಷ್ಟು ಸಲ ತಿದ್ದಿದರೂ ಅವನು ಬಾಯಿ ಬಿಡಲಿಲ್ಲ. ವಾಸಕ್ಕೆ ಪರವಾನಗಿ ಸಿಗದೆ ಖಾಲಿ ನಿಂತ ಹೊಸ ಬಿಲ್ಡಿಂಗಿನಂತೆ ಆಗಿತ್ತು ನನ್ನ ಲೋಕ. ಲಿಫ್ಟು, ಲೈಟು ಎಲ್ಲ ಇದೆ, ಜನ ಇಲ್ಲ.

ಹಾಗೆಂದು ಅಡುಗೆಯವಳ ಹತ್ತಿರ ವಾಪಸು ಹೋಗಲೂ ನಾಚಿಕೆ. ಇತ್ತ ದಡವೂ ಇಲ್ಲ, ಅತ್ತ ದಡವೂ ಇಲ್ಲ. ಕೊನೆಗೆ ಬರೆಯುವುದನ್ನೇ ಬಿಟ್ಟೆ. ಲೋಕಲ್‌ನಲ್ಲಿ ಕೈಯಲ್ಲಿ ಮೊಬೈಲ್ ಇದ್ದರೂ ಸುಮ್ಮನೆ ಕಿಟಕಿ ನೋಡುತ್ತಿದ್ದೆ. ಬರೆಯುವ ಆಸೆ ಇನ್ನು ಬರುವುದೇ ಇಲ್ಲವೇನೋ ಎಂಬ ಭಯ ನಿಜವಾಗಿಯೂ ಇತ್ತು. ಯಾರಿಗೂ ಹೇಳಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಅಪ್ಪ ತಾಳಮದ್ದಳೆಗೆಂದು ದಾದರಿಗೆ ಹೊರಟರು. ಮೊಣಕಾಲಿನ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಿದ್ದ ದಿನಗಳು ಅವು. ತಾಳಮದ್ದಳೆ ಎಂದರೆ ಅವರಿಗೆ ಊಟ ಬೇಡ, ಕಾಲೂ ಬೇಡ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದ ಮಾಡುತ್ತಾರೆ. ಅಪ್ಪ ಹೋಟೆಲಿನ ಕೆಲಸ ಮುಗಿಸಿ ಎಷ್ಟೋ ವರ್ಷ ಹೀಗೆ ಅರ್ಥ ಹೇಳಿದವರು. ಅವರನ್ನು ಒಬ್ಬರನ್ನೇ ಲೋಕಲ್ ಹತ್ತಿಸಲು ಮನಸ್ಸು ಬಾರದೆ ನಾನೂ ಹೊರಟೆ.

ಹಾಲ್‌ನಲ್ಲಿ ಅಪ್ಪನ ಎದುರಿನ ಕುರ್ಚಿ ಖಾಲಿ. ದೂತನ ಅರ್ಥ ಹೇಳಬೇಕಾದವರು ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್‌ನಿಂದಾಗಿ ಕುರ್ಲಾದಲ್ಲೇ ಸಿಕ್ಕಿಬಿದ್ದಿದ್ದರು. ಭಾಗವತರು ನನ್ನನ್ನು ನೋಡಿ, ಮಗಳೇ ಕೂತುಕೊಳ್ಳಲಿ, ಸಣ್ಣ ಪಾತ್ರ ತಾನೇ ಎಂದರು. ಚಿಕ್ಕಂದಿನಿಂದ ಕೇಳಿದ್ದರಿಂದ ಆ ಕನ್ನಡ ನನ್ನ ಕಿವಿಯಲ್ಲಿತ್ತು, ನಾಲಗೆಯ ಮೇಲೆ ಇರಲಿಲ್ಲ. ಬೇಡ ಎನ್ನುವಷ್ಟರಲ್ಲಿ ಯಾರೋ ನನ್ನ ಕೈಯಿಂದ ಪರ್ಸ್ ತೆಗೆದುಕೊಂಡಾಗಿತ್ತು.

ನಾನು ಸಂಧಿಯ ಮಾತು ತಂದ ದೂತ, ಅಪ್ಪ ಸಂಧಿಗೆ ಬಗ್ಗದ ರಾಜ. ತಡವರಿಸುತ್ತಾ ನನ್ನ ಒಡೆಯನ ಸಂದೇಶ ಒಪ್ಪಿಸಿದೆ. ಮಗಳೆಂದು ಅಪ್ಪ ಒಂದಿಷ್ಟೂ ಬಿಟ್ಟುಕೊಡಲಿಲ್ಲ.

"ಎಲವೋ ದೂತ, ಇಷ್ಟು ಹೊತ್ತು ನೀನು ಆಡಿದ್ದು ನಿನ್ನ ಒಡೆಯನ ಮಾತು. ಇದರಲ್ಲಿ ನಿನ್ನದು ಎಂಬುದು ಏನುಂಟು?"

ಮೈಯೆಲ್ಲ ಉರಿಯಿತು. ಇದೇ ಪ್ರಶ್ನೆಯನ್ನು ಎಷ್ಟು ವರ್ಷದಿಂದ ಹೊತ್ತು ತಿರುಗುತ್ತಿದ್ದೇನೆ ಎಂದು ಅವರಿಗೇನು ಗೊತ್ತು.

"ಮಾತು ಒಡೆಯನದೇ, ಮಹಾರಾಜ" ಎಂದೆ. "ಆದರೆ ನಿಮ್ಮೆದುರು ನಡುಗುತ್ತಿರುವ ದನಿ ನನ್ನದು. ಒಡೆಯ ಇಲ್ಲಿಗೆ ಬಂದಿಲ್ಲ. ಬಂದವನು ನಾನು."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಒಂದು ಗುಟುಕು ನೀರು ಕುಡಿದು ನನ್ನನ್ನೇ ನೋಡಿದರು. ಆಮೇಲೆ ಸಂಧಿಯನ್ನು ತಿರಸ್ಕರಿಸಿ ನನ್ನನ್ನು ಕಳಿಸಿಬಿಟ್ಟರು. ಕತೆ ಇರುವುದೇ ಹಾಗೆ, ಅದನ್ನು ಯಾರೂ ಬದಲಿಸುವಂತಿಲ್ಲ.

ದಾದರಿನಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ನೀವೂ ಇಷ್ಟು ವರ್ಷ ಬೇರೆಯವರ ಪಾತ್ರಗಳ ಬಾಯಲ್ಲೇ ಮಾತನಾಡಿದ್ದಲ್ಲವೇ, ಆಗ ಯಾರಾದರೂ ನಿಮ್ಮ ಡಬ್ಬಿ ಮುಚ್ಚಿಸಿದರೇ ಎಂದು ಕೇಳಿಯೇಬಿಟ್ಟೆ. ಬಾಂದ್ರಾ ಬಂದಾಗ ಅಪ್ಪ, ನಿನ್ನ ಆ ಸ್ವಂತದ ಕತೆ ಎಂತಾಯ್ತು ಎಂದು ಕೇಳಿದರು. ಕಾಂದಿವಲಿ ಬರುವಷ್ಟರಲ್ಲಿ ಕತೆಯನ್ನೆಲ್ಲ ಹೇಳಿ ಮುಗಿಸಿದೆ, ಬರೆಯುವುದನ್ನೇ ಬಿಟ್ಟದ್ದನ್ನು ಮಾತ್ರ ಹೇಳಲಿಲ್ಲ. ಚಂದ್ರರ ಬಗ್ಗೆ ಅವರು ಏನೂ ಕೇಳಲಿಲ್ಲ. ಆ ರಾಜನಿಗೆ ಎದುರಾಡುವವರು ಯಾರೂ ಇಲ್ಲವಾ ಎಂದು ಮಾತ್ರ ಕೇಳಿದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಅಪ್ಪ ಇದ್ದಕ್ಕಿದ್ದಂತೆ ನೆಟ್ಟಗೆ ಕುಳಿತು, ನನ್ನ ರಾಜನಾಗಿ ಅರ್ಥ ಶುರುಮಾಡಿದರು. ನಾನು ಇಂಗ್ಲಿಷಿನಲ್ಲಿ ಕಟ್ಟಿದ ಆ ರಾಜ ಅಷ್ಟರವರೆಗೆ ಕನ್ನಡದಲ್ಲಿ ಮಾತಾಡಿಯೇ ಇರಲಿಲ್ಲ. ಮೊದಲು ನನಗೆ ಕಿರಿಕಿರಿಯಾಯಿತು. ನನ್ನ ರಾಜ ಹೀಗೆಲ್ಲ ಮಾತಾಡುವವನಲ್ಲ ಎಂದೆ. ಅಂದ ಕೂಡಲೇ ನನಗೇ ನಗು ಬಂತು. ಹಿಮದ ನಾಡಿನ ಆ ಕಾದಂಬರಿಕಾರರೂ ನನ್ನ ಅಡುಗೆಯವಳನ್ನು ನೋಡಿದ್ದರೆ ಹೀಗೇ ಅನ್ನುತ್ತಿದ್ದರೇನೋ. ಅವರ ಮನೆಯಂಗಳದಲ್ಲಿ ನಾನು ವರ್ಷಗಟ್ಟಲೆ ಆಡಿದೆ, ಯಾರೂ ನನ್ನನ್ನು ಓಡಿಸಲಿಲ್ಲ. ಆ ಉಪಕಾರ ಎಷ್ಟು ದೊಡ್ಡದೆಂದು ಆ ಬೆಳಿಗ್ಗೆ ತಿಳಿಯಿತು. ಹೇಳಿ, ಕೇಳುತ್ತೇನೆ ಎಂದೆ. ಅಪ್ಪ ಮುಂದುವರಿಸಿದರು.

"ನಾನು ಮಗಳನ್ನು ಗಡಿಪಾರು ಮಾಡಿದೆ ಎಂದು ಊರು ಹೇಳುತ್ತದೆ. ಅವಳು ಹಾಡುವುದು ನನಗೆ ಕೇಳಿಸುತ್ತಿತ್ತು. ಹಾಡು ಯಾವ ದೇಶದ್ದಾದರೇನು, ಕಂಠ ನನ್ನ ಮಗಳದು. ಚಂದ ಇತ್ತು. ಅದನ್ನು ಹೇಳಲಿಲ್ಲ. ನಮ್ಮದನ್ನು ಹಾಡು ಎಂದು ಗದರಿದೆ. ಅಂದಿನಿಂದ ಈ ಮನೆಯಲ್ಲಿ ಹಾಡು ಇಲ್ಲ."

ಅರಮನೆ ಎನ್ನಲಿಲ್ಲ, ಮನೆ ಎಂದರು. ನಾನು ಬರೆಯುವುದು ಬಿಟ್ಟದ್ದು ಅವರಿಗೆ ಮೊದಲೇ ಗೊತ್ತಿತ್ತು.

ಎದುರು ಅರ್ಥ ಹೇಳುವ ಸರದಿ ನನ್ನದು. ನಾನು ಗಡಿಯಾರ ನೋಡಿ ಪರ್ಸ್ ಹುಡುಕತೊಡಗಿದೆ. ಉತ್ತರ ಕೊಡದಿದ್ದರೆ ಸೋತ ಹಾಗೆ ಎನ್ನುತ್ತಾ ಅಪ್ಪ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಆಫೀಸಿಗೆ ಹೋಗುವ ಲೋಕಲ್‌ನಲ್ಲಿ, ಬಾಗಿಲ ಪಕ್ಕ ನಿಂತೇ, ಮಗಳ ಉತ್ತರವನ್ನು ಕನ್ನಡದಲ್ಲಿ ಬರೆದೆ. ಹಾಡು ಒಳಗೇ ಇತ್ತು ಮಹಾರಾಜ, ಕೇಳುವವರಿಲ್ಲ ಅಂದುಕೊಂಡಿದ್ದೆ ಎಂಬ ಒಂದೇ ಸಾಲು. ಅಂಧೇರಿ ಬರುವ ಮೊದಲು ಇನ್ನೊಮ್ಮೆ ಓದಿ, ಮಹಾರಾಜ ಎಂಬುದನ್ನು ಅಳಿಸಿ, ಅಪ್ಪಾ ಎಂದು ತಿದ್ದಿ, ಅವರಿಗೆ ಕಳಿಸಿದೆ.