ಐವತ್ತೊಂದು ಸೀಳು

ನನಗೆ ಲೆಕ್ಕ ಹತ್ತುವುದಿಲ್ಲ, ಡಿಗ್ರಿಯ ಮಾತಂತೂ ನಮ್ಮ ಕೇರಿಗೆ ಏಳು ಜನ್ಮಕ್ಕೂ ಇಲ್ಲ ಎಂದವರು ನಮ್ಮೂರ ಪ್ರೈಮರಿ ಶಾಲೆಯ ಮೇಷ್ಟ್ರು. ಹೋದ ವಾರ ಬಾಳ್ಳುಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರು ನೆನಪಾದರು. ರಸ್ತೆಯ ಬದಿಯಲ್ಲಿ ಒಬ್ಬಾತ ಅಂಗಡಿಗೆ ತಟ್ಟಿ ಕಟ್ಟಲೆಂದು ಹಸಿ ಬಿದಿರು ಸೀಳುತ್ತಿದ್ದ. ಹಸಿ ಬಿದಿರು ಬಾಯಿ ಬಿಟ್ಟಾಗ ಬರುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ನೆನೆಸಿದ ಅಕ್ಕಿಯೂ ಎಳೆ ಸೌತೆಕಾಯಿಯೂ ಸೇರಿದ ಹಾಗೆ. ಆ ವಾಸನೆಗೆ ಮೊದಲು ಅವ್ವ ನೆನಪಾಗಬೇಕಿತ್ತು, ಅವಳ ಕೈಗೆ ಯಾವಾಗಲೂ ಅದೇ ವಾಸನೆ. ಆದರೆ ಬಂದು ನಿಂತವರು ಮೇಷ್ಟ್ರು... ಅದಕ್ಕೂ ಅವರ ಮೇಲೆ ಸಿಟ್ಟು ಬಂತು.

ನಮ್ಮದು ಬುಟ್ಟಿ ಹೆಣೆಯುವ ಮನೆ. ಘಟ್ಟದ ಅಂಚಿನ ಆ ಊರಿನಲ್ಲಿ ಮೇದರ ಮನೆಗಳು ನಾಲ್ಕೇ. ಅಪ್ಪ ಬಿಸಿಲೆ ಕಡೆಯ ಕಾಡಿನಿಂದ ಬಿದಿರು ತರುತ್ತಿದ್ದ, ಅವ್ವ ಹೆಣೆಯುತ್ತಿದ್ದಳು. ಕಾಫಿ ಕುಯ್ಲು ಶುರುವಾದರೆ ಸುತ್ತಲಿನ ಎಸ್ಟೇಟುಗಳ ಕೂಲಿ ಲೈನಿನ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು ಅವಳ ಬುಟ್ಟಿಗಳನ್ನೇ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಬುಟ್ಟಿಯಲ್ಲಿ ಮೇಲಕ್ಕೆ ನಿಲ್ಲುವ ಕಡ್ಡಿಗಳು ಬೆಸವಾಗಿರಬೇಕು. ಸಮ ಬಂದರೆ ಒಂದು ಸುತ್ತಿನ ಹೆಣಿಗೆ ಹಿಂದಿನ ಸುತ್ತಿನ ಹಾಗೆಯೇ ಬಿದ್ದು ಹಿಡಿತ ಸಿಗುವುದಿಲ್ಲ. ಅದಕ್ಕೆ ಅವಳು ಎಂಟು ಉದ್ದನೆಯ ಸೀಳುಗಳನ್ನು ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾಯಿಸಿ, ಪ್ರತಿಯೊಂದರ ಎರಡೂ ತುದಿಗಳನ್ನು ಮೇಲಕ್ಕೆ ಬಗ್ಗಿಸುತ್ತಿದ್ದಳು. ಎಂಟು ಸೀಳಿಗೆ ಹದಿನಾರು ಕಡ್ಡಿ. ಬೆಸ ಮಾಡಲು ಅರ್ಧ ಸೀಳು ಸಿಕ್ಕಿಸಿದರೆ ಹದಿನೇಳು. ಉಳಿದ ಅರ್ಧ ಮುಂದಿನ ಬುಟ್ಟಿಗೆ. ಸೀಳುಗಳನ್ನು ಎಣಿಸಿ ಅವಳ ಕೈಗೆ ಕೊಡುವುದು ನನ್ನ ಕೆಲಸವಾಗಿತ್ತು. ಶಾಲೆಗೆ ಸೇರುವ ಮೊದಲೇ ನಾನು ಹೀಗೆ ಲೆಕ್ಕ ಕಲಿತಿದ್ದೆ.

ಮೇಷ್ಟ್ರ ಲೆಕ್ಕ ಬೇರೆ ಥರದ್ದು. ಅವರ ಕಿವಿಯ ಮೇಲೆ ಯಾವಾಗಲೂ ಒಂದು ತುದಿ ಕೆಂಪು, ಒಂದು ತುದಿ ನೀಲಿ ಇದ್ದ ಪೆನ್ಸಿಲ್ ಇರುತ್ತಿತ್ತು. ಪ್ರತಿ ಶನಿವಾರ ಮೂರನೇ, ನಾಲ್ಕನೇ ಕ್ಲಾಸಿನವರನ್ನು ಗೋಡೆಗೆ ನಿಲ್ಲಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ತಡವರಿಸದೆ ಹೇಳಿದವನ ಹೆಸರಿನ ಮುಂದೆ ನೀಲಿ ಗೀಟು, ಉಸಿರು ತೆಗೆದುಕೊಳ್ಳಲು ನಿಂತರೂ ಕೆಂಪು. ನನ್ನ ಹೆಸರಿನ ಮುಂದೆ ಬರೀ ಕೆಂಪು. ಹದಿನೇಳಾರ್ಲೆ ಎಷ್ಟು ಎಂದರೆ ನಾನು ಮನಸ್ಸಿನಲ್ಲೇ ಆರು ಇಪ್ಪತ್ತು ನೂರಾ ಇಪ್ಪತ್ತು, ಅದರಲ್ಲಿ ಆರು ಮೂರು ಹದಿನೆಂಟು ಹೋದರೆ ನೂರಾ ಎರಡು ಎಂದು ಲೆಕ್ಕ ಹಾಕುತ್ತಿದ್ದೆ. ಉತ್ತರ ಸರಿಯಾಗಿಯೇ ಬರುತ್ತಿತ್ತು, ಸ್ವಲ್ಪ ತಡವಾಗಿ. ಹೇಗೆ ಬಂತೆಂದು ಒಮ್ಮೆ ಕೇಳಿದರು. ಹೇಳಿದೆ.

"ಮಗ್ಗಿ ನಾಲಿಗೆ ಮೇಲಿರ್ಬೇಕು ಕಣೋ. ಬುಟ್ಟಿ ಹೆಣ್ದಂಗೆ ತಲೇಲಿ ಹೆಣ್ಕೊಂಡು ಕೂತ್ರೆ ಅದು ಲೆಕ್ಕ ಅಲ್ಲ," ಎಂದು ಕೆಂಪು ತುದಿಯನ್ನೇ ತಿರುಗಿಸಿದರು. ಕ್ಲಾಸು ನಕ್ಕಿತು.

ನಾಲ್ಕನೇ ಕ್ಲಾಸು ದಾಟಬೇಕಾದರೆ ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರು ಪರೀಕ್ಷೆ ಮಾಡಬೇಕಿತ್ತು. ಒಬ್ಬೊಬ್ಬರಿಗೂ ಬಾಯಿಲೆಕ್ಕದ ಒಂದೊಂದು ಪ್ರಶ್ನೆ, ಅಷ್ಟರ ಮೇಲೆ ಪಾಸು ಅಥವಾ ನಪಾಸು. ಆ ಸಲ ಇನ್‌ಸ್ಪೆಕ್ಟರಿಗೆ ಕೊಡಲು ಮೇಷ್ಟ್ರು ಅವ್ವನಿಗೆ ಹೊಸ ಬುಟ್ಟಿಯೊಂದನ್ನು ಹೆಣೆಯಲು ಹೇಳಿದ್ದರು. ಅದರ ತುಂಬ ಕಿತ್ತಳೆ ಹಣ್ಣು ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ಇನ್‌ಸ್ಪೆಕ್ಟರು ಒಳ್ಳೆಯವರು, ನಗುಮುಖದವರು. ನನ್ನ ಸರದಿ ಬಂದಾಗ ಬುಟ್ಟಿಯ ಸುತ್ತ ಬೆರಳಾಡಿಸಿ ಕಡ್ಡಿಗಳನ್ನು ಎಣಿಸಿದರು. "ಒಂದು ಬುಟ್ಟಿಗೆ ಹದಿನೇಳು. ಇಂಥಾ ಆರು ಬುಟ್ಟಿಯ ಕಡ್ಡಿಗೆ ಎಷ್ಟು ಸೀಳು ಬೇಕಾಗುತ್ತಪ್ಪ?" ಎಂದು ಕೇಳಿದರು.

ನನ್ನ ಎದೆಯೊಳಗೆ ದೀಪ ಹತ್ತಿದಂತಾಯಿತು. ಇಡೀ ಶಾಲೆಯಲ್ಲಿ ಆ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಗೊತ್ತಿದ್ದವರು ಯಾರೂ ಇರಲಿಲ್ಲ. ಒಂದಕ್ಕೆ ಎಂಟೂವರೆ, ಎರಡಕ್ಕೆ ಹದಿನೇಳು, ಆರಕ್ಕೆ...

"ಐವತ್ತೊಂದು ಸಾರ್," ಎಂದೆ. ಈ ಸಲ ಒಂಚೂರೂ ತಡವರಿಸಲಿಲ್ಲ.

ಇನ್‌ಸ್ಪೆಕ್ಟರು ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿದರು. ಮೇಷ್ಟ್ರು ಮುಂದಿನ ಸಾಲಿನ ಕಡೆ ಕೈ ಮಾಡಿದರು. ಮುಂದಿನ ಸಾಲು ಒಂದೇ ಉಸಿರಿಗೆ ಹದಿನೇಳಾರ್ಲೆ ನೂರಾ ಎರಡು ಎಂದು ಕೂಗಿತು. "ಬಾಕಿ ಅರ್ಧ ನಿಮ್ಮಪ್ಪ ನುಂಗಿದ್ನೇನೋ?" ಎಂದರು ಮೇಷ್ಟ್ರು. ನಾನು ಬುಟ್ಟಿಯ ಅಡಿ ತೋರಿಸುತ್ತೇನೆಂದು ಮೇಜಿನ ಹತ್ತಿರ ಹೋದೆ. ಹಣ್ಣು ಉರುಳುತ್ತದೆಂದು ಮೇಷ್ಟ್ರು ನನ್ನ ಕೈಗೆ ಹೊಡೆದರು. ಇನ್‌ಸ್ಪೆಕ್ಟರು ನಪಾಸು ಎಂದು ಬರೆದು ರುಜು ಹಾಕಿದರು. ಬುಟ್ಟಿ, ಹಣ್ಣಿನ ಸಮೇತ, ಅವರ ಜೀಪಿನಲ್ಲಿ ಹೋಯಿತು.

ಸಂಜೆ ಮೇಷ್ಟ್ರು ನಮ್ಮ ಕೇರಿಯ ದಾರಿಯಲ್ಲೇ ಮನೆಗೆ ಹೋಗುತ್ತಿದ್ದರು. ಅವ್ವ ಅಡ್ಡ ನಿಂತು ಕೇಳಿದಳು. ಆಗಲೇ ಅವರು ಆ ಏಳು ಜನ್ಮದ ಮಾತು ಹೇಳಿದ್ದು. ಬಿದಿರು ಸೀಳೋಕೆ ಹಚ್ಚು, ಇವನ ಹಣೇಲಿ ಲೆಕ್ಕ ಬರೆದಿಲ್ಲ ಎಂದರು. ಅವರು ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

"ನೀನೆಷ್ಟು ಅಂದೆ?"

"ಐವತ್ತೊಂದು."

"ಸರಿಯಾಗೇ ಐತಲ್ಲ," ಎಂದಳು. ಅಷ್ಟೇ. ಮತ್ತೆ ಆ ಶಾಲೆಗೆ ಅವಳು ಒಂದು ಮೊರವನ್ನೂ ಹೆಣೆದು ಕೊಡಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂತೆ, ನನಗಿಂತ ಗೇಣು ಚಿಕ್ಕವರ ಜೊತೆ. ಹಠಕ್ಕೆ ಬಿದ್ದು ಮೂವತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿದೆ. ಬಿದಿರು ಹೊರುವಾಗಲೂ ಮಗ್ಗಿ, ಹಳ್ಳ ದಾಟುವಾಗಲೂ ಮಗ್ಗಿ. ಮೇಷ್ಟ್ರು ನೀಲಿ ಗೀಟು ಎಳೆದು, "ಈಗ ದಾರಿಗೆ ಬಂದ ನೋಡಿ," ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ನಪಾಸು ಮಾಡಿದ್ದಕ್ಕಿಂತ ಅದು ಹೆಚ್ಚು ಉರಿಸಿತು.

ಆ ಉರಿಯಲ್ಲೇ ಓದಿದೆ. ಹೈಸ್ಕೂಲಿಗೆ ದಿನಾ ಸಕಲೇಶಪುರಕ್ಕೆ ನಡೆದೆ, ಆಮೇಲೆ ಹಾಸನದ ಉಚಿತ ಹಾಸ್ಟೆಲಿನಲ್ಲಿದ್ದೆ. ರಜೆಯಲ್ಲಿ ಊರಿಗೆ ಬಂದು ಬುಟ್ಟಿ ಹೆಣೆದೆ. ಪ್ರತಿ ಹೊಸ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಬೇರೆಯವರು ಓಂ ಬರೆದರೆ ನಾನು ಐವತ್ತೊಂದು ಬರೆಯುತ್ತಿದ್ದೆ. ಬಿ.ಎಸ್ಸಿ.ಗೆ ಗಣಿತವನ್ನೇ ತೆಗೆದುಕೊಂಡೆ. ಯಾಕೆಂದು ಯಾರಾದರೂ ಕೇಳಿದರೆ ಇಷ್ಟ ಎನ್ನುತ್ತಿದ್ದೆ. ಅದು ಸುಳ್ಳು. ನನಗಿದ್ದದ್ದು ಸೇಡು.

ಕೊನೆಯ ವರ್ಷದ ಮಳೆಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಳು. ನಾಲ್ಕನೇ ಕ್ಲಾಸಿನಲ್ಲಿ ನನ್ನ ಜೊತೆ ಕೂತು ಪಾಸಾದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಗನ ಕೈಗೆ ಅಷ್ಟರಲ್ಲಿ ಡಿಗ್ರಿ ಬಂದಿತ್ತು. ನನಗೆ ಇನ್ನೂ ಒಂದು ವರ್ಷ ಬಾಕಿ... ಯಾವ ವರ್ಷವೆಂದು ಬಿಡಿಸಿ ಹೇಳಬೇಕಿಲ್ಲ.

ಸರ್ಟಿಫಿಕೇಟು ಸಿಕ್ಕ ಮಾರನೆಯ ದಿನ ಬೆಳಿಗ್ಗೆ ನಾನು ಐವತ್ತೊಂದು ಹಸಿ ಸೀಳುಗಳನ್ನು ಎಣಿಸಿ ಕಂತೆ ಕಟ್ಟಿದೆ. ನಿವೃತ್ತರಾಗಿ ಮೇಷ್ಟ್ರು ಆಲೂರಿನಲ್ಲಿದ್ದರು. ಬಸ್ಸಿನಲ್ಲಿ ಸೀಳು ಯಾರದೋ ರುಮಾಲಿಗೆ ಚುಚ್ಚಿ, ಮದುವೆ ಚಪ್ಪರ ಹೊತ್ಕೊಂಡು ಹೊಂಟೀಯೇನೋ ಮಾರಾಯ ಎಂದು ಕಂಡಕ್ಟರು ಬೈದ. ನಾನು ಕಂತೆ ಬಿಡಲಿಲ್ಲ.

ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಕಿವಿಯ ಮೇಲೆ ಪೆನ್ಸಿಲ್ ಹಾಗೇ ಇತ್ತು. ಗುರುತು ಹೇಳಿದೆ. ಸರ್ಟಿಫಿಕೇಟನ್ನು ಅವರ ತೊಡೆಯ ಮೇಲಿಟ್ಟು, ಕಂತೆ ಬಿಚ್ಚಿ, ಎಣಿಸಿ ಮೇಷ್ಟ್ರೇ ಎಂದೆ. ಯಾಕೆಂದು ಕೇಳದೆ ಎಣಿಸಿದರು. ಅಲ್ಲೇ ಕೂತು ಆರು ಬುಟ್ಟಿಗಳ ಅಡಿ ಹಾಕಿದೆ. ಒಂದೊಂದರ ಕಡ್ಡಿಯನ್ನೂ ಅವರ ಕಣ್ಣೆದುರೇ ಮೇಲಕ್ಕೆ ಬಗ್ಗಿಸಿ ಕಟ್ಟಿದೆ. ಒಂದೊಂದಕ್ಕೂ ಹದಿನೇಳು. ಕಂತೆಯಲ್ಲಿ ಒಂದು ಸೀಳೂ ಉಳಿಯಲಿಲ್ಲ, ಒಂದೂ ಸಾಲದೆ ಬರಲಿಲ್ಲ. ಅವರು ನಾಚುತ್ತಾರೆ, ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ.

"ಗೊತ್ತಿತ್ತು ಕಣೋ," ಎಂದರು. "ಅವತ್ತೇ ಸಂಜೆ ಮನೆಗೆ ಹೊರಡೋ ಮುಂಚೆ, ನಿಮ್ಮವ್ವ ಹೆಣೆದಿದ್ದ ಸ್ಕೂಲಿನ ಕಸದ ಬುಟ್ಟಿ ಮಗುಚಿ ನೋಡ್ದೆ. ನೀನ್ ಹೇಳಿದ್ದೇ ಸರಿ ಇತ್ತು."

ಮತ್ತೆ ಯಾಕೆ ತಿದ್ದಲಿಲ್ಲ ಎಂದು ಕೇಳಿದೆ.

"ಇನ್‌ಸ್ಪೆಕ್ಟ್ರು ರುಜು ಹಾಕ್ಬುಟ್ಟಿದ್ರು. ಅವ್ರಿಗೇ ತಪ್ಪು ಅನ್ನೋಕಾಗ್ತದಾ? ಹೋಗಿದ್ದು ಒಂದ್ ವರ್ಷ ತಾನೆ."

ಅಂದರೆ ನಮ್ಮ ಕೇರಿಯ ದಾರಿಯಲ್ಲಿ ನಿಂತು ಅವ್ವನಿಗೆ ಆ ಮಾತು ಹೇಳಿದಾಗಲೇ ಅವರಿಗೆ ಗೊತ್ತಿತ್ತು. ಇಷ್ಟು ವರ್ಷ ನಾನು ದ್ವೇಷಿಸಿದ್ದು ಏನೂ ತಿಳಿಯದ ಒಬ್ಬ ಮನುಷ್ಯನನ್ನು. ಎಲ್ಲ ತಿಳಿದೂ ಸುಮ್ಮನಿದ್ದವನನ್ನು ಎಷ್ಟು ದ್ವೇಷಿಸಬೇಕೆಂದು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಈಗಲಾದರೂ ಪೆನ್ಸಿಲ್ಲಿನ ನೀಲಿ ತುದಿಯಲ್ಲಿ ಐವತ್ತೊಂದು ಎಂದು ಬರೆದು ಸರಿ ಗುರುತು ಹಾಕಿಕೊಡಿ ಎಂದೆ. ಮುಗಿದ ಪರೀಕ್ಷೆ ಅದು ಎಂದು ಅವರು ಮುಖ ತಿರುಗಿಸಿದರು.

"ಆ ಒಂದು ವರ್ಷ ಉಳಿದಿದ್ರೆ ಇದನ್ನ ನಮ್ಮವ್ವ ನೋಡಿರೋಳು ಮೇಷ್ಟ್ರೇ," ಎಂದೆ. ಸರ್ಟಿಫಿಕೇಟು ಎತ್ತಿಕೊಂಡು, ಹೆಣೆಯದ ಆರು ಬುಟ್ಟಿಗಳನ್ನು ಅವರ ಜಗಲಿಯ ಮೇಲೇ ಬಿಟ್ಟು ಎದ್ದು ಬಂದೆ. ಬೇಕಾದರೆ ಮಗುಚಿ ನೋಡಿಕೊಳ್ಳಲಿ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೋಗಲಿಲ್ಲ. ಹೋಗಬೇಕಿತ್ತೆಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ಬಾಳ್ಳುಪೇಟೆಯ ಆ ವಾಸನೆಯಲ್ಲಿ ನಿಂತಾಗ ಒಂದು ಹೊಳೆಯಿತು. ನಪಾಸಾದ ದಿನವೇ ನನ್ನ ಉತ್ತರ ಸರಿಯೆಂದು ಗೊತ್ತಿದ್ದವರು ಲೋಕದಲ್ಲಿ ಇದ್ದದ್ದು ಇಬ್ಬರೇ, ಅವ್ವ ಮತ್ತು ಅವರು. ಈಗ ಇಬ್ಬರೂ ಇಲ್ಲ... ಮನೆಗೆ ಬಂದು ಟ್ರಂಕಿನಿಂದ ಸರ್ಟಿಫಿಕೇಟು ತೆಗೆದೆ. ಮಡಿಕೆಗಳಲ್ಲಿ ಹರಿಯುತ್ತಿದೆ. ಮಗುಚಿ ಹಿಂಬದಿ ನೋಡಿದೆ. ನಾನೇ ಪೆನ್ಸಿಲ್ಲಿನಲ್ಲಿ ಬರೆದ ಆ ಅಂಕಿ ಮಾಸಿದ್ದರೂ ಇನ್ನೂ ಓದಲು ಬರುತ್ತದೆ.

ಆಲೂರಿನಿಂದ ಬಂದ ಆ ಸಂಜೆ, ಅವ್ವನಿಗೆ ಕೊಡಬೇಕಾಗಿದ್ದನ್ನು ಅವಳ ಅಕ್ಕನ ಕೈಗೆ, ನಮ್ಮ ದೊಡ್ಡವ್ವನ ಕೈಗೆ ಕೊಟ್ಟಿದ್ದೆ. ದೊಡ್ಡವ್ವ ಕೈ ಒರೆಸಿಕೊಂಡು ತೆಗೆದುಕೊಂಡಳು. ಮುದ್ರೆಯನ್ನು ನೋಡಲಿಲ್ಲ, ಅಕ್ಷರಗಳನ್ನೂ ನೋಡಲಿಲ್ಲ. ನಮ್ಮವರು ಬುಟ್ಟಿ ಕೈಗೆ ಬಂದ ಕೂಡಲೇ ಮಾಡುವ ಹಾಗೆ ಮೊದಲು ಮಗುಚಿ ಅಡಿ ನೋಡಿದಳು.

"ಹಿಂದ್ಗಡೆ ಖಾಲಿ ಐತಲ್ಲೋ ಮಗ," ಎಂದಳು. "ಅಲ್ಲಿ ಐವತ್ತೊಂದು ಅಂತ ಬರಿ. ನಿನ್ನ ಮಾತು ಬಂದಾಗೆಲ್ಲ ನಿಮ್ಮವ್ವ ಹೇಳ್ತಿದ್ದಿದ್ದು ಅದೊಂದೇ ಅಂಕಿ."