ಗ್ಯಾದರಿಂಗಿನ ದಿನದ ಊಟ

ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ಎರಡು ವರ್ಷ ನನ್ನ ಪಕ್ಕ ಕೂತವಳು ವನದುರ್ಗದ ಹುಡುಗಿ. ಅವರ ಮನೆಯವರು ಬೌದ್ಧರಾಗಿದ್ದರು. ಊರಿನವರಿಗೆ ಮಾತ್ರ ಇನ್ನೂ ಕೇರಿಯವರೇ. ಕ್ಲಾಸಿನಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ನಾನು ಅಲ್ಲೇ ಇದ್ದ ಅತ್ತೆಯ ಮನೆಗೆ ಹೋಗುತ್ತಿದ್ದೆ. ಹಾಗಾಗಿ ಅವಳ ಡಬ್ಬಿಗೆ ಕೈಹಾಕುವ ಪ್ರಸಂಗವೇ ಬಂದಿರಲಿಲ್ಲ.

ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ ಬಂತೆಂದರೆ ಹದಿನೈದು ದಿನ ಪಾಠವಿಲ್ಲ, ಬರೀ ಡ್ಯಾನ್ಸಿನ ತಾಲೀಮು. ನಾವು ಆರು ಜನ ಹುಡುಗಿಯರು. ನಾನು ಹೆಜ್ಜೆ ತಪ್ಪಿದರೆ ಅವಳು "ಏ ಕತ್ತಿ, ಈ ಕಡಿ" ಎಂದು ಸಲಿಗೆಯಿಂದ ಕತ್ತೆಯೆಂದೇ ಬೈದು, ಸೊಂಟ ಹಿಡಿದು ತಿರುಗಿಸುತ್ತಿದ್ದಳು. ಅದುವರೆಗೆ ಮಾತಾಡದವರೂ ಆಗ ಒಬ್ಬರ ತಲೆ ಒಬ್ಬರು ಬಾಚಿದೆವು. ಕೊನೆತನಕ ಹೀಗೇ ಇರುತ್ತೇವೆ ಅಂದುಕೊಂಡಿದ್ದೆ.

ಗ್ಯಾದರಿಂಗಿನ ದಿನ ಎಲ್ಲರೂ ಮನೆಯಿಂದ ಅಡಿಗೆ ತಂದು ಕೂಡಿ ಉಣ್ಣಬೇಕೆಂದು ಮಾತಾಗಿತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿದೆವು. ಅವಳು ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ ತಂದಿದ್ದಳು. ರೊಟ್ಟಿ ಇನ್ನೂ ಮೆತ್ತಗಿದ್ದವು. "ನಮ್ಮವ್ವ ನಸುಕಿನ್ಯಾಗ ಎದ್ದು ಬಡದಾಳ," ಎಂದು ಡಬ್ಬಿಯನ್ನು ಸುತ್ತ ಕಳಿಸಿದಳು.

ಒಬ್ಬಳು ತನಗೆ ಪುಂಡಿ ಆಗಿಬರುವುದಿಲ್ಲ ಎಂದಳು. ಇನ್ನೊಬ್ಬಳು ಫೋನ್ ಕಿವಿಗಿಟ್ಟುಕೊಂಡು ಎದ್ದು ಹೋದಳು. ಡಬ್ಬಿ ನನ್ನ ಮುಂದೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬಳು ಅತ್ತೆಯ ಓಣಿಯವಳು.

"ಇವತ್ತು ನಂದು ಉಪವಾಸ ಅದ," ಅಂದೆ.

ನನ್ನ ತಟ್ಟೆಯಲ್ಲಿ ಅರ್ಧ ತಿಂದ ಹೋಳಿಗೆ ಇತ್ತು. ಅವಳು ತಟ್ಟೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಡಬ್ಬಿಗೆ ಮುಚ್ಚಳ ಹಾಕಿದಳು. ಅವಳು ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ.

ಡ್ಯಾನ್ಸಿನ ಹೊತ್ತಿಗೆ ಅವಳು ಇರಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ಹೋದದ್ದನ್ನು ಕಾಲೇಜಿನ ಜವಾನ ನೋಡಿದ್ದನಂತೆ. "ಐದೇ ಮಂದಿ ಮಾಡ್ರವಾ, ನಡೀತದ," ಅಂದರು ಮೇಡಂ. ಮಾಡಿದೆವು. ಮೊದಲ ಬಹುಮಾನವೂ ಬಂತು. ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಮರುವಾರ ಒಂದು ಫಾರ್ಮ್ ಕೊಟ್ಟು, ಕಾರ್ಯಕ್ರಮ ತೃಪ್ತಿ ತಂದಿತೇ ಎಂದು ಕೇಳಿದ್ದರು. 'ತುಂಬಾ' ಎಂಬಲ್ಲಿ ಗುರುತು ಹಾಕಿದೆ. ಅಷ್ಟರಲ್ಲಿ ಅವಳು ಮುಂದಿನ ಬೆಂಚಿಗೆ ಹೋಗಿ ಕೂತಿದ್ದಳು. ತಪ್ಪಾಯಿತು ಅನ್ನಲು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ನೋಟ್ಸ್ ಕೇಳಿ ತಿರುಗಿ ಬಂದೆ. ನೋಟ್ಸ್ ಕೊಟ್ಟಳು.

ಈಗ ನಾನು ಸುರಪುರದಲ್ಲಿ ಶಿಕ್ಷಕಿ. ಹೋದ ವರ್ಷ ಯಾದಗಿರಿಯ ತರಬೇತಿಯಲ್ಲಿ ಅವಳು ಸಿಕ್ಕಳು. ರಾಮಸಮುದ್ರದ ಶಾಲೆಯಲ್ಲಿದ್ದಾಳೆ. ಚಹಾದ ಹೊತ್ತಿಗೆ ಹೋಗಿ ಕೈ ಹಿಡಿದೆ.

"ಅವತ್ತು ನಾ ಸುಳ್ಳು ಹೇಳಿದ್ದೆ. ಉಪವಾಸ ಇರಲಿಲ್ಲ."

"ಗೊತ್ತದರಿ," ಅಂದಳು. ನನ್ನನ್ನು ಕತ್ತಿ ಎಂದು ಕರೆದವಳು ಈಗ 'ರಿ' ಹಚ್ಚಿದ್ದಳು. ಮೆಲ್ಲಗೆ ಕೈ ಬಿಡಿಸಿಕೊಂಡಳು. "ಡಬ್ಬಿ ತುಂಬಿದ್ದು ನೋಡಿ ನಮ್ಮವ್ವ, ರೊಟ್ಟಿ ಕೆಟ್ಟಿದ್ವೇನಬೇ ಅಂತ ಕೇಳಿದ್ಳು. ಹೌದಬೇ, ಸುಟ್ಟಿದ್ವು ಅಂದೆ. ಸಾಯೋ ತನಕ ಹಂಗೇ ತಿಳಕೊಂಡಿದ್ಳರಿ."

ಒಳಗೆ ಕರೆದರು. ಅವಳು ಲೋಟ ಇಟ್ಟು, ತನ್ನ ಜೊತೆಯವರ ಸಾಲಿಗೆ ಹೋಗಿ ಕೂತಳು.