ಅಮಾಸಿ ದಿನ ಮುಚ್ಚಿದ ಆಲ್ಬಮ್

ನಮ್ಮ ಸೋದರತ್ತಿ ಗದ್ವಾಲದಾಗ ಸೀರಿ ನೇಯ್ತಿದ್ದಳು. ಎಷ್ಟು ನೇಯ್ದರೇನು, ತನಗಂತ ಒಂದೂ ಇಟ್ಕೊಂಡಾಕಿ ಅಲ್ಲ. "ನೇಯ್ದಾಕೀನ ಉಟ್ಟರ ಮಾರೋದು ಏನು?" ಅಂತಿದ್ದಳು. ಒಂದೊಂದು ಸೀರಿ ಮಾರಾಟ ಆಗೋ ಮೊದಲ ನಾನು ಫೋಟೊ ತಗದು ನೆಟ್‌ನಾಗ ಇಡ್ತಿದ್ದೆ. ಮನ್ಯಾಗ ಉಳದಿದ್ದು ಅಷ್ಟ.

ಆಗ ನಾನು ಫೋಟೊ ಇಡ್ತಿದ್ದ ಆ ನೆಟ್ ಕಂಪನಿದು ಏನು ಹವಾ ಅಂತೀರಿ! ಒಂದ ಹೆಸರಿನ ಕೆಳಗ ಇಮೇಲು, ಚಾಟು, ಫೋಟೊ ಆಲ್ಬಮ್, ಅಂಗಡಿ ಪೇಜು, ಎಲ್ಲಾ ಪುಕ್ಕಟೆ. ನಾರಾಯಣಪೇಟಿ ಸೀರಿ ಅಂಗಡಿಗಳ ಬೋರ್ಡಿನ ಮ್ಯಾಲೂ ಅದ ಕಂಪನಿ ಹೆಸರು. ರಾಯಚೂರಿನ ಹೆಣ್ಮಕ್ಕಳು ಆಲ್ಬಮ್ ನೋಡಿ "ಆ ಹಂಸದ ಅಂಚಿಂದು ಭಾಳ ಚಂದ ಐತ್ರಿ" ಅಂತ ಬರದರ, ಅತ್ತಿ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕೂತು ಒದರಾಕಿ: "ಏನಂದಳು? ಇನ್ನೊಮ್ಮೆ ಓದು!"

ಆಮ್ಯಾಲ ಎಲ್ಲರ ಕೈಯಾಗ ಹೊಸ ಫೋನ್ ಬಂದ್ವು, ಮಂದಿ ಬ್ಯಾರೆ ಕಡೆ ಹೋದರು. ಕಂಪನಿಯವರು ಮೊದಲ ಚಾಟ್ ಮುಚ್ಚಿದರು, ಆಮ್ಯಾಲ ಅಂಗಡಿ ಪೇಜ್. ಪಾಪ, ನನಗ ಸಿಟ್ಟೇನು ಬರಲಿಲ್ಲ, ಇಷ್ಟು ವರ್ಷ ಪುಕ್ಕಟೆ ದುಡದಿತ್ತು. ಅಷ್ಟರಾಗ ಅತ್ತಿ ಕಣ್ಣೂ ಮಂಜಾಗಿ ಮಗ್ಗ ಬಿಟ್ಟಳು. ನಾನಿರೋ ಮಕ್ತಲ್‌ನಿಂದ ಗದ್ವಾಲಕ್ಕ ಹೋದಾಗೆಲ್ಲ ಆಕಿಗೆ ಫೋಟೊ ದೊಡ್ಡದು ಮಾಡಿ ತೋರಿಸಬೇಕು. ಆಕಿ ಜನ್ಮದ ದುಡಿಮಿ ಎಲ್ಲಾ ಅದರಾಗ ಇತ್ತು.

ಒಮ್ಮೆ ಹೋಗಿ ಆಲ್ಬಮ್ ತಗದರ ಮ್ಯಾಲ ಕೆಂಪು ಪಟ್ಟಿ: ಇವತ್ತ ಕಡೀ ದಿನ, ನಿಮ್ಮ ಫೋಟೊ ತಗೊಂಡುಬಿಡ್ರಿ. ಮೊದಲ ಕಂಪನಿ ಕಳಿಸಿದ್ದ ಇಮೇಲ್ ಯಾರು ನೋಡ್ಯಾರ? "ಅತ್ತಿ, ಈಗಿಂದೀಗ ಎಲ್ಲಾ ಫೋಟೊ ತಗದು ಫೋನಿನಾಗ ಇಟ್ಕೋಬೇಕು," ಅಂದೆ.

ಅತ್ತಿ ನನ್ನ ಕೈ ಹಿಡದಳು. "ಇವತ್ತ ಅಮಾಸಿ ಐತಿ. ಅಮಾಸಿ ದಿನ ನಮ್ಮ ಮನ್ಯಾಗ ಮಗ್ಗ ಮುಟ್ಟಂಗಿಲ್ಲ, ಸೀರಿ ತಗಿಯಂಗಿಲ್ಲ."

"ಅಯ್ಯ ನಮ್ಮವ್ವ, ಇವು ಬರೇ ಫೋಟೊ!"

"ಫೋಟೊ ಆದ್ರೇನು, ಸೀರಿ ನನ್ನವು ಹೌದಲ್ಲ? ನಾಳೆ ಮುಂಜಾನೆ ದೀಪ ಹಚ್ಚತೀನಿ, ಆಗ ತಗಿ."

ಜಗಳಾಡಿದೆ, ಕೈ ಮುಗದೆ. ಆಕಿ ಹಿಡದಿದ್ದ ಹಟ. ಫೋನ್ ಕಸಗೊಂಡು ಉಡಿಯಾಗ ಇಟ್ಕೊಂಡು ಕೂತಳು.

ಮುಂಜಾನೆ ದೀಪ ಹಚ್ಚಿದಳು. ಆಲ್ಬಮ್ ಇರಲಿಲ್ಲ. ಸೇವಾ ನಿಂತೈತಿ, ಇಷ್ಟು ದಿನ ಜೋಡಿ ಇದ್ದದ್ದಕ್ಕ ಧನ್ಯವಾದ, ಅಂತ ಎರಡು ಸಾಲು. ನಾನು ಗೊಳೋ ಅಂತ ಅತ್ತುಬಿಟ್ಟೆ. ಅತ್ತಿ ಮಾತ್ರ "ಎಲ್ಲಾ ಹೋದ್ವೇನ?" ಅಂತ ಒಂದ ಸಲ ಕೇಳಿದಳು. ಊಟ ಮಾಡಲಿಲ್ಲ.

ನಾನು ಮಕ್ತಲ್‌ಗೆ ಬಂದು ಟ್ರಂಕಿನಾಗಿಂದ ನನ್ನ ಲಗ್ನಕ್ಕ ಆಕಿ ನೇಯ್ದುಕೊಟ್ಟ ಸೀರಿ ತಗೊಂಡು ತಿರುಗಿ ಹೋದೆ. ಹಾಳಾದೀತಂತ ಲಗ್ನದ ದಿನ ಬಿಟ್ಟು ಉಟ್ಟೇ ಇರಲಿಲ್ಲ. ಅತ್ತಿ ಬಿಚ್ಚಿ ಅಂಚಿನ ಮ್ಯಾಲ ಬೆರಳಾಡಿಸಿದಳು. ಮಡಿಕಿ ಇದ್ದಲ್ಲೆಲ್ಲ ರೇಷ್ಮಿ ಸೀಳಿತ್ತು.

"ಇಟ್ಟು ಇಟ್ಟು ಕೊಂದೀಯಲ್ಲ, ಹುಚ್ಚಿ!" ಅಂತ ಬೈದಳು. ಬೈಯುವಾಗ ಕಣ್ಣಾಗ ನೀರು. "ಸೂಜಿ ತಾ. ದಾರ ನೀನ ಪೋಣಿಸು, ನನಗ ಕಾಣಂಗಿಲ್ಲ."

ಬೆರಳಿಲೆ ಹುಡುಕಿ ಹುಡುಕಿ ಸಂಜಿತನ ಹೊಲದಳು. "ಉಟಗೊಂಡ ಹೋಗು," ಅಂದಳು. "ಮತ್ತ ಟ್ರಂಕಿಗೆ ಹಾಕಿದರ ನನ್ನ ಆಣಿ."

ಗದ್ವಾಲ ಬಸ್‌ಸ್ಟ್ಯಾಂಡಿನಾಗ ಗುರ್ತಿಲ್ಲದಾಕಿ ಒಬ್ಬಾಕಿ ನನ್ನ ಸೆರಗು ಹಿಡದು ನೋಡಿದಳು. "ಯಾರ್ರೀ ನೇಯ್ದದ್ದು? ಇಂಥಾ ಕೈ ಈಗೆಲ್ಲಿ ಐತ್ರಿ!"

ಬಸ್ ಬಂದಿತ್ತು, ಆದರೂ ಹತ್ತಲಿಲ್ಲ. ನಿಂತ ಕಾಲಮ್ಯಾಲ ಅತ್ತಿಗೆ ಫೋನ್ ಹಚ್ಚಿ ಆ ಹೆಣ್ಮಗಳು ಅಂದದ್ದು ಹೇಳಿದೆ.

ಆ ಕಡಿಂದ ಅತ್ತಿ ಅಂದಳು: "ಏನಂದಳು? ಇನ್ನೊಮ್ಮೆ ಹೇಳು."